ಮಳೆಗಾಲದ ಶೇಂಗಾ ಚೀಲ

ಊರಿನಿಂದ ಅಣ್ಣ ಬಸ್ಸಿಗೆ ಹಾಕಿ ಕಳುಹಿಸಿದ್ದ ಶೇಂಗಾ ಚೀಲವನ್ನು ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಅಡುಗೆಕೋಣೆಯ ಗೋಡೆಗೆ ಆನಿಸಿ ಇಟ್ಟಿದ್ದೆವು. ಜುಲೈ ತಿಂಗಳಲ್ಲಿ ಚಟ್ನಿಪುಡಿಗೆಂದು ಬಾಯಿ ಬಿಚ್ಚಿದರೆ ಮುಗ್ಗು ವಾಸನೆ. ಮೊರದಲ್ಲಿ ಹರಡಿದಾಗ ಗೋಡೆಯ ಕಡೆಗಿದ್ದ ಕಾಳುಗಳ ಮೇಲೆ ಹಳದಿ ಬೆರೆತ ಹಸಿರು ಬೂಷ್ಟು ಕಾಣಿಸಿತು. "ಛಲೋತ್ನಾಗ ಹುರದ್ರ ಎಲ್ಲಾ ಹೋಗ್ತೈತಿ" ಎಂದಳು ಅವ್ವ.

ಹುರಿದರೆ ಬೂಷ್ಟು ಸಾಯುತ್ತದೆ ನಿಜ, ಆದರೆ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಈ ಶಿಲೀಂಧ್ರ ಕಾಳಿನೊಳಗೆ ಬಿಟ್ಟುಹೋಗುವ ಅಫ್ಲಟಾಕ್ಸಿನ್ ಎಂಬ ವಿಷ ನಮ್ಮ ಬಾಣಲೆಯ ಶಾಖಕ್ಕೆ ಸ್ವಲ್ಪ ತಗ್ಗುತ್ತದೆಯೇ ಹೊರತು ನಾಶವಾಗುವುದಿಲ್ಲ. ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ಈ ವಿಷಕ್ಕೆ ತನ್ನದೇ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಹಾಗಾದರೆ ಪಾರಿವಾಳಕ್ಕಾದರೂ ಹಾಕು ಎಂದು ಅವ್ವ ಹೇಳಿದಾಗ ನನಗೆ ನಗು ಬಂತು, ಏಕೆಂದರೆ ಈ ವಿಷ ಪತ್ತೆಯಾದದ್ದೇ ಹಕ್ಕಿಗಳ ಸಾವಿನಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಬೇರು ಹುಡುಕುತ್ತಾ ಹೋದವರು ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿಯನ್ನು ತಲುಪಿದರು. ನಮ್ಮಲ್ಲಿ 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ಸತ್ತರು.

ಪ್ರಯೋಗಾಲಯದಲ್ಲಿ ಇದನ್ನು ನೇರಳಾತೀತ ಬೆಳಕಿನಲ್ಲಿ ಗುರುತಿಸಬಹುದು. ನೀಲಿಯಾಗಿ (ಬ್ಲೂ) ಹೊಳೆಯುವ ವಿಧಕ್ಕೆ ಬಿ, ಹಸಿರಾಗಿ (ಗ್ರೀನ್) ಹೊಳೆಯುವ ವಿಧಕ್ಕೆ ಜಿ ಎಂಬ ಹೆಸರು ಬಂದದ್ದೂ ಹಾಗೆಯೇ. ಸಂಸ್ಕರಣೆಗೆ ಹೋಗುವ ಶೇಂಗಾದಲ್ಲಿ ಕಿಲೋಗೆ 15 ಮೈಕ್ರೋಗ್ರಾಂ ದಾಟಬಾರದೆಂದು ನಮ್ಮ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ತೊಡಕೆಂದರೆ, ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಕಾಳುಗಳಲ್ಲಿ ಎಲ್ಲೋ ಕೆಲವೇ ಕಾಳುಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಆದ್ದರಿಂದ ಒಂದು ಹಿಡಿ ಶುದ್ಧವಾಗಿದ್ದ ಮಾತ್ರಕ್ಕೆ ಚೀಲ ಶುದ್ಧವೆನ್ನಲಾಗದು. ಆದರೆ ಆರಿಸುವುದು ಇಷ್ಟು ಫಲ ಕೊಡುವುದೂ ಇದೇ ಕಾರಣಕ್ಕೆ. ಸುಕ್ಕಿದ, ಒಡೆದ, ಬಣ್ಣಗೆಟ್ಟ ಕಾಳುಗಳನ್ನು ತೆಗೆದರೆ ವಿಷದ ಬಹುಪಾಲು ಹೊರಟುಹೋಗುತ್ತದೆ. ಗಾಣದ ಎಣ್ಣೆಯ ಅಭಿಮಾನಿಗಳಿಗೆ ಹಿಡಿಸದ ಮಾತೊಂದಿದೆ: ರಿಫೈನ್ಡ್ ಎಣ್ಣೆಯಲ್ಲಿ ಕ್ಷಾರದ ಸಂಸ್ಕರಣೆ ಈ ವಿಷವನ್ನು ಕಳೆಯುತ್ತದೆ, ಗಾಣದ ಎಣ್ಣೆಯಲ್ಲಿ ಕಾಳನ್ನು ಆರಿಸಿದವರ ಕಣ್ಣೇ ಗತಿ.

ಗೋಡೆಯ ಕಡೆಯ ಅರ್ಧ ಚೀಲವನ್ನು ನಾನು ಕಸಕ್ಕೆ ಹಾಕಿದೆ. ಉಳಿದದ್ದನ್ನು ಬೆಚ್ಚಗೆ ಮಾಡಿ, ಕೆಂಪು ಸಿಪ್ಪೆ ಉಜ್ಜಿ, ಟ್ಯೂಬ್‌ಲೈಟಿನ ಕೆಳಗೆ ಕುಳಿತು ಒಂದೊಂದೇ ಕಾಳನ್ನು ಎರಡು ಬೇಳೆ ಮಾಡಿ ನೋಡಿದೆವು. ಹೊರಗೆ ಬೆಳ್ಳಗಿದ್ದು ಒಳಸಂದಿಯಲ್ಲಿ ಬೂದಿಬಣ್ಣಕ್ಕೆ ತಿರುಗಿದ್ದ ಕಾಳುಗಳನ್ನು ನನಗಿಂತ ಬೇಗ ಹಿಡಿದವಳು ಅವ್ವನೇ. ಅಣ್ಣನಿಗೆ ಫೋನು ಮಾಡಿ, ಇನ್ನು ದೀಪಾವಳಿ ಕಳೆದ ಮೇಲೆ ಹೊಸ ಶೇಂಗಾ ಬಂದಾಗ, ಎರಡೇ ಕಿಲೋ, ಚೆನ್ನಾಗಿ ಒಣಗಿಸಿ ಕಳುಹಿಸು ಎಂದೆ.