ತಲೆಕೆಳಗಾಗಿ ನಿಂತ ಹತ್ತು ಕ್ಯಾಡಿಲಾಕ್‌ಗಳು

ಅಮೆರಿಕದ ಟೆಕ್ಸಾಸ್ ರಾಜ್ಯದ ಅಮರಿಲೋ ಊರು ಇನ್ನೂ ಮೂವತ್ತು ಮೈಲಿ ದೂರ ಇರುವಾಗಲೇ ಕಾರಿನೊಳಕ್ಕೆ ಕೊಟ್ಟಿಗೆಯ ವಾಸನೆ ನುಗ್ಗಿತು. ಕಿಟಕಿಗಳೆಲ್ಲ ಮುಚ್ಚಿದ್ದವು, ಆದರೂ. ನನ್ನ ಹೆಂಡತಿ ಮೂಗು ಮುಚ್ಚಿಕೊಳ್ಳುವ ಬದಲು ನೆಟ್ಟಗೆ ಕುಳಿತು, “ಇದು ಒಂದು ಕೊಟ್ಟಿಗೆಯದ್ದಲ್ಲ ರೀ, ಸಾವಿರ ಕೊಟ್ಟಿಗೆಯದ್ದು” ಎಂದಳು. ಹಳ್ಳಿಯಲ್ಲಿ ದನಗಳ ನಡುವೆ ಬೆಳೆದವಳು, ಅವಳ ಅಂದಾಜು ತಪ್ಪುವುದಿಲ್ಲ. ಸ್ವಲ್ಪ ಮುಂದೆ, ಒಂದು ಮರವೂ ಇಲ್ಲದ ಬಯಲಿನಲ್ಲಿ, ಮಾಂಸಕ್ಕಾಗಿ ದನ ಕೊಬ್ಬಿಸುವ ದೊಡ್ಡಿ ಕಾಣಿಸಿತು. ಕಣ್ಣು ಹಾಯುವಷ್ಟು ದೂರ ಕಪ್ಪು ಬೆನ್ನುಗಳು.

ಡಲ್ಲಾಸ್ ಬಳಿಯ ಪ್ಲೇನೋದಲ್ಲಿರುವ ಮಗಳ ಮನೆಯಿಂದ ನಸುಕಿನಲ್ಲೇ ಹೊರಟಿದ್ದೆವು. ಸುಮಾರು 580 ಕಿಲೋಮೀಟರ್. ಹತ್ತಿ ಹೊಲ, ಗಾಳಿಯಂತ್ರ, ಮತ್ತೆ ಹತ್ತಿ ಹೊಲ. ಇಷ್ಟು ಬಿಟ್ಟರೆ ದಾರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. “ಮಾವ, ನಿಮಗೆ ನಯಾಗರಾ ತೋರಿಸಬೇಕು ಎಂದುಕೊಂಡಿದ್ದೆ. ನೀವು ನೋಡಿದರೆ ಮಣ್ಣಲ್ಲಿ ಹೂತ ಕ್ಯಾಡಿಲಾಕ್ ಕಾರು ಕೇಳುತ್ತಿದ್ದೀರಿ” ಎಂದು ಅಳಿಯ ಸ್ಟೀರಿಂಗ್ ಹಿಡಿದುಕೊಂಡೇ ಮೂರನೇ ಸಲ ಹೇಳಿದ.

ಕೇಳಿದ್ದಕ್ಕೆ ಕಾರಣವಿತ್ತು. ಬೆಂಗಳೂರಿನ ಕಾರ್ಖಾನೆಯೊಂದರ ಅಚ್ಚು, ಉಪಕರಣ ಮಾಡುವ ಟೂಲ್‌ರೂಮಿನಲ್ಲಿ ನಾನು ಮೂವತ್ತೊಂದು ವರ್ಷ ದುಡಿದವನು. ಕೆಲಸಕ್ಕೆ ಸೇರಿದ ಮೊದಲ ವಾರವೇ ನಮ್ಮ ಫೋರ್‌ಮನ್ ಹೊಸ ಹುಡುಗರನ್ನೆಲ್ಲ ನಿಲ್ಲಿಸಿಕೊಂಡು ಒಂದು ಕತೆ ಹೇಳಿದ್ದರು. 1908ರಲ್ಲಿ ಇಂಗ್ಲೆಂಡಿನ ರಾಯಲ್ ಆಟೊಮೊಬೈಲ್ ಕ್ಲಬ್ಬಿನವರು ಮೂರು ಕ್ಯಾಡಿಲಾಕ್ ಕಾರುಗಳನ್ನು ಬ್ರೂಕ್‌ಲ್ಯಾಂಡ್ಸ್ ರೇಸ್ ಮೈದಾನಕ್ಕೆ ತರಿಸಿ, ಕೊನೆಯ ನಟ್ಟಿನವರೆಗೂ ಬಿಚ್ಚಿಸಿದರು. ಮೂರರ ಭಾಗಗಳನ್ನೂ ಒಂದೇ ರಾಶಿ ಮಾಡಿ ಕಲಸಿದರು. ಸಾಲದೆಂದು 89 ಭಾಗಗಳನ್ನು ಪಕ್ಕಕ್ಕಿಟ್ಟು, ಅವುಗಳ ಬದಲು ಮಾರಾಟಗಾರನ ಗೋದಾಮಿನಲ್ಲಿದ್ದ ಬಿಡಿಭಾಗಗಳನ್ನು ಹಾಕಿಸಿದರು. ಮೆಕ್ಯಾನಿಕ್‌ಗಳ ಕೈಗೆ ಸ್ಪ್ಯಾನರ್ ಮತ್ತು ಸ್ಕ್ರೂಡ್ರೈವರ್ ಬಿಟ್ಟರೆ ಬೇರೇನೂ ಕೊಡಲಿಲ್ಲ. ಅರ ಹಾಕಿ ಉಜ್ಜುವಂತಿಲ್ಲ, ಸುತ್ತಿಗೆ ಬಡಿದು ಕೂರಿಸುವಂತಿಲ್ಲ. ರಾಶಿಯಿಂದ ಮತ್ತೆ ಮೂರು ಕಾರುಗಳು ಎದ್ದು ನಿಂತವು. ಐನೂರು ಮೈಲಿ ಓಡಿದವು. ಆ ವರ್ಷದ ಡ್ಯೂಯರ್ ಟ್ರೋಫಿ ಕ್ಯಾಡಿಲಾಕ್‌ಗೆ ಸಿಕ್ಕಿತು.

ಇಂದಿನವರಿಗೆ ಇದರಲ್ಲೇನು ದೊಡ್ಡಸ್ತಿಕೆ ಎನ್ನಿಸಬಹುದು. ಆ ಕಾಲದಲ್ಲಿ ಕಾರು ಎಂದರೆ ಒಂದೊಂದು ಭಾಗವನ್ನೂ ಅದರ ಜೊತೆಗಾರ ಭಾಗಕ್ಕೆ ಹೊಂದುವಂತೆ ಕೈಯಲ್ಲೇ ಅರ ಹಾಕಿ ಕೂರಿಸಿದ್ದು. ಒಂದರ ಪಿಸ್ಟನ್ ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಕ್ಯಾಡಿಲಾಕ್ ಕಟ್ಟಿದ ಹೆನ್ರಿ ಲೀಲೆಂಡ್ ಎಂಬ ಹಿರಿಯರು ಬಂದೂಕು ಕಾರ್ಖಾನೆಯಲ್ಲಿ, ಆಮೇಲೆ ಅಳತೆಯ ಉಪಕರಣಗಳಿಗೆ ಹೆಸರಾದ ಬ್ರೌನ್ ಅಂಡ್ ಶಾರ್ಪ್‌ನಲ್ಲಿ ಪಳಗಿದವರು. (ನಮ್ಮ ಅಶೋಕ್ ಲೇಲ್ಯಾಂಡ್‌ಗೂ ಇವರಿಗೂ ಸಂಬಂಧವಿಲ್ಲ, ನಾನೂ ಬಹಳ ವರ್ಷ ಇದೆ ಎಂದುಕೊಂಡಿದ್ದೆ.) ನಾವು ‘ಥೌ’ ಎನ್ನುತ್ತಿದ್ದ ಅಳತೆ, ಅಂದರೆ ಅಂಗುಲದ ಸಾವಿರದಲ್ಲೊಂದು ಭಾಗ, ಅವರಿಗೆ ದೇವರ ಸಮಾನ. 1902ರಲ್ಲಿ ಹೆನ್ರಿ ಫೋರ್ಡ್ ಜಗಳವಾಡಿ ಬಿಟ್ಟುಹೋದ ಕಂಪನಿಯ ಯಂತ್ರಗಳಿಗೆ ಬೆಲೆ ಕಟ್ಟಿಕೊಡಿ, ಮಾರಿ ಮುಚ್ಚಿಬಿಡುತ್ತೇವೆ ಎಂದು ಬಂಡವಾಳದಾರರು ಅವರನ್ನು ಕರೆಸಿದ್ದರು. ಮುಚ್ಚಬೇಡಿ, ನನ್ನ ಬಳಿ ಒಳ್ಳೆಯ ಎಂಜಿನ್ ಇದೆ ಎಂದರು ಲೀಲೆಂಡ್. ಕ್ಯಾಡಿಲಾಕ್ ಹುಟ್ಟಿದ್ದು ಹಾಗೆ, ಇನ್ನೊಬ್ಬರ ಮುರಿದ ಮನೆಯಲ್ಲಿ.

ಹೆಸರಿನದ್ದು ಇನ್ನೂ ಸ್ವಾರಸ್ಯ. 1701ರಲ್ಲಿ ಡೆಟ್ರಾಯಿಟ್ ನಗರಕ್ಕೆ ಅಡಿಗಲ್ಲು ಹಾಕಿದ ಫ್ರೆಂಚ್ ಸಾಹಸಿ ಆಂತ್ವಾನ್ ದ ಲಾ ಮೊತ್ ಕ್ಯಾಡಿಲಾಕ್ ನೆನಪಿಗೆ ಇಟ್ಟದ್ದು ಅದು. ಆತನ ನಿಜವಾದ ಹೆಸರು ಆಂತ್ವಾನ್ ಲೋಮೆ. ಹೊಸ ಭೂಖಂಡಕ್ಕೆ ಬಂದವನು ತಾನೇ ಒಂದು ಕುಲೀನ ಹೆಸರು ಇಟ್ಟುಕೊಂಡು, ಮನೆತನದ ಲಾಂಛನವನ್ನೂ ತಾನೇ ಬರೆದುಕೊಂಡ. ಅದೇ ಲಾಂಛನ, ಕಾಲಿಲ್ಲದ ಪುಟ್ಟ ಹಕ್ಕಿಗಳ ಸಮೇತ, ಸುಮಾರು ಒಂದು ಶತಮಾನ ಕಾಲ ಅಮೆರಿಕದ ಅತಿ ಗೌರವಾನ್ವಿತ ಕಾರಿನ ಮೂತಿಯ ಮೇಲೆ ಕುಳಿತಿತ್ತು.

ಆ ಮೂತಿಗಳನ್ನು ನೋಡುವ ಭಾಗ್ಯ ನಮಗಿರಲಿಲ್ಲ. ಅವೆಲ್ಲ ಮಣ್ಣಿನೊಳಗಿದ್ದವು.

ಊರು ದಾಟಿ ಪಶ್ಚಿಮಕ್ಕೆ ಹೊರಟರೆ ಹೆದ್ದಾರಿ 40ರ ಪಕ್ಕದ ರಸ್ತೆಯಲ್ಲಿ ಕಾರುಗಳು ಸಾಲಾಗಿ ನಿಂತಿರುತ್ತವೆ, ಅದೇ ಗುರುತು. ಬೇಲಿಯ ಬಾಗಿಲು ದಾಟಿ ಹೊಲದೊಳಗೆ ನಡೆಯಬೇಕು. ದೂರದಿಂದ ಹತ್ತು ಹಲ್ಲುಗಳಂತೆ ಕಾಣುತ್ತವೆ. ಹತ್ತಿರ ಹೋದಂತೆ ಒಂದೊಂದೂ ಮೂಗು ನೆಲಕ್ಕೂರಿ, ಹಿಂಭಾಗ ಆಕಾಶಕ್ಕೆತ್ತಿ ಓರೆಯಾಗಿ ನಿಂತ ಕಾರು ಎಂಬುದು ತಿಳಿಯುತ್ತದೆ. ಇದು ಕ್ಯಾಡಿಲಾಕ್ ರ್‍ಯಾಂಚ್. 1974ರಲ್ಲಿ ಚಿಪ್ ಲಾರ್ಡ್, ಹಡ್ಸನ್ ಮಾರ್ಕೆಜ್, ಡಗ್ ಮೈಕಲ್ಸ್ ಎಂಬ ಮೂವರು ಕಲಾವಿದರು, ಸ್ಟ್ಯಾನ್ಲಿ ಮಾರ್ಷ್ ಎಂಬ ಅಮರಿಲೋದ ಶ್ರೀಮಂತನ ಹಣದಲ್ಲಿ, ಅವನದೇ ಜಮೀನಿನಲ್ಲಿ ಹಳೆಯ ಕ್ಯಾಡಿಲಾಕ್‌ಗಳನ್ನು ಹೂತರು. ಊರು ಬೆಳೆದು ಹತ್ತಿರ ಬಂತೆಂದು 1997ರಲ್ಲಿ ಹತ್ತನ್ನೂ ಅಗೆದು ತೆಗೆದು ಇನ್ನೆರಡು ಮೈಲಿ ಆಚೆ ಮತ್ತೆ ಹೂತರು. ಹೂತದ್ದನ್ನು ಕಿತ್ತು ಬೇರೆಡೆ ಹೂಳುವುದಕ್ಕೆ ಎಷ್ಟು ಶ್ರದ್ಧೆ ಬೇಕು ನೋಡಿ.

“ತಾತ, ಇವನ್ನು ಯಾಕೆ ಹೂತಿದ್ದಾರೆ?” ಎಂದಳು ಆರು ವರ್ಷದ ಮೊಮ್ಮಗಳು.

“ಬಾಲ ನೋಡಲಿ ಅಂತ.”

ತಮಾಷೆಗೆ ಹೇಳಿದ್ದಲ್ಲ. ಸಾಲಿನ ಒಂದು ತುದಿಯಲ್ಲಿ 1949ರ ಮಾದರಿ, ಇನ್ನೊಂದು ತುದಿಯಲ್ಲಿ 1963ರದ್ದು. ಇಲ್ಲಿ ನಡೆಯುವುದೆಂದರೆ ಬಾಲದ ರೆಕ್ಕೆಯ ಏರಿಳಿತವನ್ನು ಕೈಯಲ್ಲಿ ಮುಟ್ಟುತ್ತಾ ಹೋಗುವುದು. ಯುದ್ಧಕಾಲದ ಪಿ-38 ವಿಮಾನದ ಅವಳಿ ಬಾಲ ಕಂಡು ಮರುಳಾದ, ಕ್ಯಾಡಿಲಾಕ್‌ನ ಒಡೆಯ ಕಂಪನಿ ಜನರಲ್ ಮೋಟಾರ್ಸ್‌ನ ವಿನ್ಯಾಸಗಾರ ಹಾರ್ಲಿ ಅರ್ಲ್ 1948ರ ಕ್ಯಾಡಿಲಾಕ್‌ನ ಹಿಂದೀಪದ ಮೇಲೆ ಒಂದು ಸಣ್ಣ ಉಬ್ಬು ತಂದರು. 1949ರ ಕಾರಿನಲ್ಲಿ ಅದು ಎಳೆಗರುವಿನ ಕೊಂಬಿನ ಹಾಗೆ, ಹುಡುಕಿದರೆ ಸಿಗುತ್ತದೆ. ಐವತ್ತರ ದಶಕದ ನಡುವೆ ಮೊನಚಾಗುತ್ತದೆ. 1959ಕ್ಕೆ ಬಂದರೆ ಅಬ್ಬಾ! ನಿಜವಾದ ರೆಕ್ಕೆಯಷ್ಟು ಎತ್ತರ, ನಡುವೆ ಎರಡು ಗುಂಡಿನಾಕಾರದ ದೀಪಗಳು ಇದ್ದ ಜಾಗ. ಮರುವರ್ಷದಿಂದಲೇ ರೆಕ್ಕೆ ತಗ್ಗುತ್ತದೆ, 1963ರಲ್ಲಿ ತಗ್ಗಿ ಸುಮ್ಮನಾಗುತ್ತದೆ. ಆ ರೆಕ್ಕೆಯಿಂದ ಕಾರು ಹಾರಲಿಲ್ಲ. ಅದು ಬರೀ ನೋಟಕ್ಕೆ. ಆದರೆ ಆ ಅಲೆ ಎಷ್ಟು ದೂರ ಬಡಿಯಿತೆಂದರೆ, ನಮ್ಮೂರಿನ ಪ್ರೀಮಿಯರ್ ಪದ್ಮಿನಿಯ ಹಿಂಬದಿಯಲ್ಲೂ ಎರಡು ಚಿಕ್ಕ ಮೊನೆಗಳಿದ್ದವು. ಇಟಲಿಯ ಫಿಯೆಟ್ ಮೂಲಕ ಬಂದ ಆ ಮೊನೆಗಳನ್ನು ಎಂಬತ್ತು, ತೊಂಬತ್ತರ ದಶಕಗಳಲ್ಲೂ ನಾವು ಒರೆಸಿ ಹೊಳೆಸುತ್ತಿದ್ದೆವು.

ಟೂಲ್‌ರೂಮಿನವನಾಗಿ ಸಿಟ್ಟು ಬರಬೇಕಿತ್ತು. ಥೌ ಲೆಕ್ಕದಲ್ಲಿ ಕಟ್ಟಿದ ಹೆಸರನ್ನು ತಗಡಿನ ರೆಕ್ಕೆಗೆ ಅಡವಿಟ್ಟರಲ್ಲ ಎಂದು. ಬರಲಿಲ್ಲ, ಏಕೆಂದರೆ 1949ರ ಆ ಕಾರಿನೊಳಗೆ ಹೊಸ ವಿ-8 ಎಂಜಿನ್ ಇತ್ತು, ಅದು ಅಪ್ಪಟ ಕಸುಬು. ರೆಕ್ಕೆಯ ಕೆಳಗೆ ಇನ್ನೂ ಸರಕು ಇದ್ದ ಕಾಲ ಅದು. 1912ರಲ್ಲಿ ಕೈಯಿಂದ ಹ್ಯಾಂಡಲ್ ತಿರುಗಿಸುವುದನ್ನು ತಪ್ಪಿಸಿ, ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಹಾಕಿ ಮಾರಿದವರೂ ಇವರೇ. ತಮ್ಮನ್ನು ‘ಜಗತ್ತಿನ ಮಾನದಂಡ’ ಎಂದು ಕರೆದುಕೊಂಡರೆ ಯಾರೂ ನಗುತ್ತಿರಲಿಲ್ಲ.

ಈ ಸಾಲಿನ ಮುಂದೆ ನಿಂತಾಗ ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಬೇರೊಂದು ಸಂಗತಿ. ಹಳೆಯ ರೂಟ್ 66 ಹೆದ್ದಾರಿ ಅಮರಿಲೋ ಮೂಲಕವೇ ಹಾದುಹೋಗುತ್ತಿತ್ತು. ಅದರ ಹೋಟೆಲುಗಳಲ್ಲಿ ಕರಿಯರಿಗೆ ಕೋಣೆ ಸಿಗುವುದು ದುರ್ಲಭವಾಗಿತ್ತು. ಎಲ್ಲಿ ಉಳಿಯಬಹುದು, ಎಲ್ಲಿ ಉಣ್ಣಬಹುದು ಎಂದು ತಿಳಿಸಲು 1936ರಿಂದ ‘ಗ್ರೀನ್ ಬುಕ್’ ಎಂಬ ಕೈಪಿಡಿಯೇ ಬರುತ್ತಿತ್ತು. 1930ರ ದಶಕದ ಆರ್ಥಿಕ ಕುಸಿತದ ವರ್ಷಗಳಲ್ಲಿ ಕ್ಯಾಡಿಲಾಕ್ ಕಂಪನಿಯ ನಿಯಮವೂ ಅಂಥದ್ದೇ: ಕರಿಯರಿಗೆ ಮಾರುವಂತಿಲ್ಲ, ಹೆಸರು ಕೆಡುತ್ತದೆ. ಜರ್ಮನಿಯಿಂದ ವಲಸೆ ಬಂದಿದ್ದ ಸರ್ವಿಸ್ ವಿಭಾಗದ ಮುಖ್ಯಸ್ಥ ನಿಕೊಲಸ್ ಡ್ರೇಸ್ಟಾಟ್ ಮಾತ್ರ ರಿಪೇರಿಗೆ ಬರುವ ಕಾರುಗಳ ಹಿಂದೆ ಯಾರಿದ್ದಾರೆಂದು ನೋಡುತ್ತಿದ್ದರು. ಬಾಕ್ಸರ್‌ಗಳು, ಗಾಯಕರು, ವೈದ್ಯರು. ಅವರೆಲ್ಲ ಬಿಳಿಯನೊಬ್ಬನಿಗೆ ಕಮಿಷನ್ ಕೊಟ್ಟು, ಅವನ ಹೆಸರಿನಲ್ಲಿ ಕಾರು ಕೊಂಡವರು. ಆ ಕಮಿಷನ್ ಯಾರದೋ ಜೇಬಿಗೆ ಯಾಕೆ ಹೋಗಬೇಕು, ನೇರ ನಾವೇ ಮಾರೋಣ ಎಂದು ಅವರು ಆಡಳಿತದವರನ್ನು ಒಪ್ಪಿಸಿದರು. ಮುಚ್ಚಿಹೋಗುವ ಅಂಚಿನಲ್ಲಿದ್ದ ಕ್ಯಾಡಿಲಾಕ್ ಚೇತರಿಸಿಕೊಂಡಿತು. ಹೆಸರು ಕೆಡುತ್ತದೆಂದು ಯಾರನ್ನು ಬಾಗಿಲಲ್ಲೇ ತಡೆದಿದ್ದರೋ ಅವರ ದುಡ್ಡಿನಿಂದ ಹೆಸರು ಉಳಿಯಿತು. ಮನೆ ಕೊಳ್ಳಬೇಕೆಂದ ಬೀದಿಯಲ್ಲಿ ಮನೆ ಕೊಡದಿದ್ದಾಗ, ಮಲಗಲು ಹೋಟೆಲಿನಲ್ಲಿ ಮಂಚ ಕೊಡದಿದ್ದಾಗ, ಕೈಗೆ ಸಿಗುವ ಗೌರವ ಕಾರೊಂದೇ. ಈ ಬಯಲಿನಲ್ಲಿ, ರಾತ್ರಿ, ಕ್ಯಾಡಿಲಾಕ್‌ನ ಮೆತ್ತನೆಯ ಸೀಟಿನಲ್ಲೇ ಮಲಗಿದವರು ಎಷ್ಟು ಮಂದಿಯೋ.

ಅಷ್ಟರಲ್ಲಿ ಮೊಮ್ಮಗಳು ಬಣ್ಣದ ಡಬ್ಬಿ ಅಲ್ಲಾಡಿಸುತ್ತಾ ಬಂದಳು. ಇಲ್ಲಿ ಬಂದವರೆಲ್ಲ ಕಾರಿನ ಮೇಲೆ ಬಣ್ಣ ಚಿಮ್ಮಿಸಿ ಬರೆಯಬಹುದು, ಯಾರೂ ತಡೆಯುವುದಿಲ್ಲ. ನೆಲದ ತುಂಬ ಖಾಲಿ ಡಬ್ಬಿಗಳು, ಗಾಳಿಗೆ ಟಣಟಣ ಉರುಳುತ್ತವೆ. ನಾಲ್ಕು ದಿನದ ಹಿಂದಿನ ಮಳೆಗೆ ಕಾರುಗಳ ಬುಡದಲ್ಲಿ ಕೆಸರು ಕಟ್ಟಿತ್ತು. ಬಣ್ಣದ ಮೇಲೆ ಬಣ್ಣ ಕೂತು ಕಾರಿನ ಅಂಚುಗಳೇ ಅಳಿಸಿಹೋಗಿವೆ. ಮುಟ್ಟಿದರೆ ತಗಡಿನ ಸ್ಪರ್ಶವಲ್ಲ, ಕರಗಿ ಗಟ್ಟಿಯಾದ ಮೇಣದ್ದು. 2003ರಲ್ಲಿ ಡಗ್ ಮೈಕಲ್ಸ್ ತೀರಿಕೊಂಡಾಗ ಹತ್ತಕ್ಕೂ ಕಪ್ಪು ಬಳಿದಿದ್ದರಂತೆ. ಆ ಕಪ್ಪು ಎಷ್ಟು ದಿನ ಉಳಿದಿದ್ದೀತು? ಮೊಮ್ಮಗಳು ಐದನೇ ಕಾರಿನ ಬಾಗಿಲ ಮೇಲೆ ನೀಲಿಯಲ್ಲಿ ‘ಅ ಆ ಇ’ ಬರೆದಳು. ‘ಈ’ ಬರೆಯುವ ಮೊದಲೇ ಡಬ್ಬಿ ಮುಗಿಯಿತು. ನಾವು ಸಾಲಿನ ತುದಿ ಮುಟ್ಟಿ ಹಿಂದಿರುಗುವಷ್ಟರಲ್ಲಿ ಒಬ್ಬ ಹುಡುಗ ಅದರ ಮೇಲೆ ಕಿತ್ತಳೆ ಬಣ್ಣದ ಹೃದಯ ಬಿಡಿಸುತ್ತಿದ್ದ. ಅವಳು ಅಳಲಿಲ್ಲ. ‘ಇ’ಯ ಬಾಲ ಇನ್ನೂ ಕಾಣುತ್ತಿದೆ ಎಂದಳು.

ಊಟದ ವಿಷಯ ಬೇಗ ಮುಗಿಸುತ್ತೇನೆ. ಅಮರಿಲೋದ ಹೆಸರಾಂತ ಹೋಟೆಲಿನಲ್ಲಿ 72 ಔನ್ಸ್, ಅಂದರೆ ಎರಡು ಕೆ.ಜಿ. ತೂಕದ ಮಾಂಸದ ತುಂಡನ್ನು ಅದರ ಜೊತೆಯ ಪಲ್ಯ, ಬನ್ನಿನ ಸಮೇತ ಒಂದು ಗಂಟೆಯಲ್ಲಿ ತಿಂದರೆ ಬಿಲ್ ಇಲ್ಲ. ನಾವು ಕಾರಿನಲ್ಲೇ ಕುಳಿತು ಚಿತ್ರಾನ್ನ ತಿಂದೆವು.

ವಾಪಸು ಬರುವಾಗ ಕರಿಯ ಎಸ್ಕಲೇಡ್ ಒಂದು ನಮ್ಮನ್ನು ಸರ್ರನೆ ಹಿಂದಿಕ್ಕಿತು. “ಇದೂ ಕ್ಯಾಡಿಲಾಕೇ ಮಾವ” ಎಂದ ಅಳಿಯ. ಗೊತ್ತಿತ್ತು. 1963ರ ನಂತರದ ಕಾರನ್ನು ಆ ಹೊಲದಲ್ಲಿ ಯಾರೂ ಹೂಳಲಿಲ್ಲ, ಹೂಳಬೇಕಾದವು ಮಾತ್ರ ಆಮೇಲೆಯೇ ಬಂದವು. ಮಾರಾಟ ಎಪ್ಪತ್ತರ ದಶಕದಲ್ಲಿ ಹೊಸ ಎತ್ತರ ಮುಟ್ಟಿತು, ಗುಣ ಇಳಿಯುತ್ತಾ ಹೋಯಿತು. 1981ರಲ್ಲಿ ಎಂಟು ಸಿಲಿಂಡರ್‌ಗಳಲ್ಲಿ ಬೇಡವಾದವನ್ನು ತಾನೇ ಮಲಗಿಸಿ ಆರು, ನಾಲ್ಕರಲ್ಲಿ ಓಡುವ ಎಂಜಿನ್ ತಂದರು. ವಿಚಾರ ಒಳ್ಳೆಯದೇ, ಅದನ್ನು ನಡೆಸಬೇಕಾದ ಎಲೆಕ್ಟ್ರಾನಿಕ್ಸ್ ಇನ್ನೂ ಬೆಳೆದಿರಲಿಲ್ಲ. ಕೊಂಡವರು ತಂತಿ ಕತ್ತರಿಸಿ ಎಂಟರಲ್ಲೇ ಓಡಿಸಿದರು. ಮರುವರ್ಷದ ಸಿಮರಾನ್ ಕಂಡರೆ ಮಾತ್ರ ನನಗೆ ಕ್ಷಮೆಯಿಲ್ಲ. ಅಗ್ಗದ ಷೆವ್ರೊಲೆ ಕಾರಿಗೆ ಚರ್ಮದ ಸೀಟು ಹೊದಿಸಿ, ಮೂತಿಗೆ ಆ ಹಕ್ಕಿಗಳ ಲಾಂಛನ ಅಂಟಿಸಿ, ದುಪ್ಪಟ್ಟಿನ ಹತ್ತಿರದ ಬೆಲೆಗೆ ಮಾರಿದರು. ನಮ್ಮ ಭಾಷೆಯಲ್ಲಿ ಇದಕ್ಕೆ ಗಿಲೀಟು ಎನ್ನುತ್ತಾರೆ. 1908ರಲ್ಲಿ ಮೂರು ಕಾರಿನ ಭಾಗ ಒಂದಕ್ಕೊಂದು ಹೊಂದಿದ್ದು ಕೀರ್ತಿಯಾಯಿತು. 1982ರಲ್ಲಿ ಎರಡು ಹೆಸರಿನ ಕಾರು ಒಂದಕ್ಕೊಂದು ಹೊಂದಿದ್ದು ಅಪಕೀರ್ತಿ. ಜನ ಜರ್ಮನ್, ಜಪಾನಿ ಕಾರುಗಳ ಕಡೆ ತಿರುಗಿದರು.

ಎಸ್ಕಲೇಡ್ ಕೂಡ ಮೊದಲು ಬಂದದ್ದು ಹಾಗೆಯೇ. ಲಿಂಕನ್‌ಎಂಬ ಎದುರಾಳಿ ಕಂಪನಿಯ ನ್ಯಾವಿಗೇಟರ್ ವಾಹನದ ಎದುರು ಅವಸರದಲ್ಲಿ, 1998ರಲ್ಲಿ, ತಮ್ಮದೇ ಇನ್ನೊಂದು ದೈತ್ಯ ವಾಹನಕ್ಕೆ ಹೆಸರು ಬದಲಿಸಿ ಬಿಟ್ಟದ್ದು. ವಿಚಿತ್ರವೆಂದರೆ ಇದು ಗೆದ್ದಿತು. ರ್‍ಯಾಪ್ ಹಾಡುಗಾರರು, ಬಾಸ್ಕೆಟ್‌ಬಾಲ್ ಆಟಗಾರರು ಅದನ್ನು ಕೊಂಡರು. ಹೆಸರು ಮತ್ತೆ ಮೆರೆಯಿತು. ಡ್ರೇಸ್ಟಾಟ್ ನೋಡಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ಅಂದ ಹಾಗೆ ಆ ಲಿಂಕನ್ ಕೂಡ ಲೀಲೆಂಡರ ಕೂಸೇ: 1917ರಲ್ಲಿ ಕ್ಯಾಡಿಲಾಕ್ ಬಿಟ್ಟ ಮುದುಕ, ತಾನು ಮೊದಲ ಬಾರಿ ಮತ ಹಾಕಿದ ಅಧ್ಯಕ್ಷನ ಹೆಸರಲ್ಲಿ ಆ ಕಂಪನಿ ಕಟ್ಟಿದರು. 1922ರಲ್ಲಿ ಅದು ದಿವಾಳಿಯಾದಾಗ ಕೊಂಡವನು ಅದೇ ಹೆನ್ರಿ ಫೋರ್ಡ್. ಕೆಲವೇ ತಿಂಗಳಲ್ಲಿ ಮುದುಕನನ್ನು ಹೊರಗೆ ಕಳಿಸಿದ. ಇಪ್ಪತ್ತು ವರ್ಷ ಕಾದು ತೀರಿಸಿದ ಬಾಕಿ.

ಹೊಲದಿಂದ ನಾನು ಒಂದು ವಸ್ತು ತಂದಿದ್ದೆ. ಕಾರೊಂದರಿಂದ ಕಳಚಿ ಕೆಸರಿಗೆ ಬಿದ್ದಿದ್ದ ಬಣ್ಣದ ಚಕ್ಕೆ, ಅಂಗೈ ಅಗಲದ್ದು. ಮಾರನೆಯ ಬೆಳಿಗ್ಗೆ ಪ್ಲೇನೋದ ಮನೆಯ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು, ಅಳಿಯನ ಉಪಕರಣಗಳ ಪೆಟ್ಟಿಗೆಯಿಂದ ನಯವಾದ ಅರ ತೆಗೆದು ಅದರ ಅಂಚನ್ನು ಓರೆಯಾಗಿ ಉಜ್ಜಿದೆ. ಪದರಗಳು ಎದ್ದುಬಂದವು, ಕೆಂಪು, ಬಿಳಿ, ಗುಲಾಬಿ, ಒಂದು ಎಳೆ ಕಪ್ಪು. ಊರಿಂದ ಬರುವಾಗ ಯಾಕೋ ಜೊತೆಗೆ ತಂದಿದ್ದ ನನ್ನ ಹಳೆಯ ಮೈಕ್ರೋಮೀಟರಿಗೆ ಅದನ್ನು ಕಚ್ಚಿಸಿದೆ. ದವಡೆ ಸಾಲಲಿಲ್ಲ; ಚಕ್ಕೆ ಒಂದು ಅಂಗುಲಕ್ಕಿಂತ ದಪ್ಪ ಇತ್ತು.

“ಎಣಿಸೋಣವಾ ತಾತ?” ಎಂದಳು ಮೊಮ್ಮಗಳು. ಸೂಜಿಯ ಮೊನೆಯಿಂದ ಒಂದೊಂದೇ ಪದರ ಮುಟ್ಟುತ್ತಾ ಅವಳು ಎಣಿಸಿದಳು, ನಾನು ಗೀಟು ಹಾಕಿದೆ. ಎಪ್ಪತ್ತರ ಆಸುಪಾಸಿನಲ್ಲಿ ಇಬ್ಬರಿಗೂ ಲೆಕ್ಕ ತಪ್ಪಿತು. ಒಳಗಿನಿಂದ ತಿಂಡಿಗೆ ಕರೆಯುತ್ತಿದ್ದರು. ಮತ್ತೆ ಒಂದರಿಂದ ಶುರು ಮಾಡಿದೆವು.