ಬುಧವಾರದ ಕೊನೆಯ ಪೀರಿಯಡ್ಡು

ನಮ್ಮ ಕನ್ನಡ ಮೇಷ್ಟ್ರು ತೀರಿಕೊಂಡ ಸುದ್ದಿ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ಹಳೆಯ ಸಹಪಾಠಿಗಳೆಲ್ಲ ನೆನೆದದ್ದು ಬುಧವಾರದ ಕೊನೆಯ ಪೀರಿಯಡ್ಡನ್ನೇ. ಆರು, ಏಳನೇ ತರಗತಿಯ ಪುಸ್ತಕದಲ್ಲಿ ಯಾವ ಪದ್ಯವಿತ್ತು, ಯಾವ ಪಾಠವಿತ್ತು ಎಂದರೆ ಒಬ್ಬರಿಗೂ ನೆನಪಿಲ್ಲ. ನಮ್ಮ ಬಗ್ಗೆ ನಾವೇ ಬರೆಯುತ್ತಿದ್ದ ಆ 40 ನಿಮಿಷವನ್ನು ಯಾರೂ ಮರೆತಿಲ್ಲ. ಅವರ ಗುಣಗಾನ ಮಾಡುವವರು ಬೇಕಾದಷ್ಟು ಜನರಿದ್ದಾರೆ. ನಾನು ಅವರು ಕೆಲಸ ಮಾಡುತ್ತಿದ್ದ ಕ್ರಮವನ್ನು ಬರೆದಿಡುತ್ತೇನೆ, ಇಂದು ಆ ವಯಸ್ಸಿನ ಮಕ್ಕಳಿಗೆ ಪಾಠ ಹೇಳುವವರಿಗೆ ಉಪಯೋಗಕ್ಕೆ ಬಂದೀತು.

ಭದ್ರಾವತಿಯ ತರಗತಿಯೆಂದರೆ ಹಾಜರಿ ಪುಸ್ತಕವೇ ಒಂದು ಸಂತೆ. 1923ರಲ್ಲಿ ಉತ್ಪಾದನೆ ಶುರುವಾದ ಕಬ್ಬಿಣದ ಕಾರ್ಖಾನೆಗೂ 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಗೂ ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದರು. ನ್ಯೂಟೌನ್, ಪೇಪರ್ ಟೌನ್ ಕಡೆಯ ತಮಿಳು, ತೆಲುಗು, ಮಲಯಾಳ, ಉರ್ದು ಮನೆಮಾತಿನ ಮಕ್ಕಳು, ತಾಂಡಾದಿಂದ ಬರುವ ಮಕ್ಕಳು, ಸುತ್ತಲ ಹಳ್ಳಿಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಹನ್ನೊಂದು, ಹನ್ನೆರಡು ತುಂಬಿದ ಮಗುವಿಗೆ ತಾನು ಯಾರವನು, ಯಾರವಳು ಎಂಬ ಯೋಚನೆ ಒಳಗೊಳಗೇ ಹತ್ತಿಕೊಳ್ಳುತ್ತದೆ. ಆಗ ‘ನನ್ನ ಪರಿಚಯ’ ಎಂದು ಪ್ರಬಂಧ ಬರೆಸಿದರೆ ಏನೂ ಹೊರಬರುವುದಿಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರಕ್ಕೆ ಸಿಕ್ಕಿದ ಕೂಡಲೇ ತರಗತಿಯ 45 ಮಕ್ಕಳೂ ಒಂದೇ ಮಗುವಾಗಿಬಿಡುತ್ತಾರೆ.

ಮೇಷ್ಟ್ರಿಗೆ ಬೇಕಾಗಿದ್ದುದು ತಲೆಗೊಂದು 100 ಪುಟದ ನೋಟ್‌ಬುಕ್ಕು, ಅಷ್ಟೇ. ಮೊದಲ 8 ನಿಮಿಷ ಮಾತು. ಆಮೇಲೆ 12 ನಿಮಿಷ ತಲೆಯೆತ್ತದೆ ಬರೆಯುವುದು; ಪದ ಸಿಗದಿದ್ದರೆ ಗೆರೆ ಎಳೆದು ಮುಂದೆ ಹೋಗಬೇಕು, ಅಳಿಸುವ ರಬ್ಬರು ಚೀಲದಲ್ಲೇ ಇರಬೇಕು. ಆ ಹೊತ್ತಿನಲ್ಲಿ ಮೇಷ್ಟ್ರೂ ಮೇಜಿನ ಮುಂದೆ ಕೂತು ಬರೆಯುತ್ತಿದ್ದರು. ಮೇಷ್ಟ್ರು ಬೆಂಚುಗಳ ನಡುವೆ ಓಡಾಡಿದರೆ ಮಕ್ಕಳು ಅಂಗೈಯಿಂದ ಪುಟ ಮುಚ್ಚಿಕೊಳ್ಳುತ್ತಾರೆ, ಬರಹ ಅಲ್ಲಿಗೇ ನಿಲ್ಲುತ್ತದೆ. ಮಿಕ್ಕ ಸಮಯದಲ್ಲಿ ಪಕ್ಕದವರಿಗೆ ಓದಿ ಹೇಳಬಹುದಿತ್ತು, ಇಷ್ಟವಿದ್ದರೆ ಮಾತ್ರ.

ಮೊದಲ ವಾರ ಹೆಸರಿನಿಂದ ಶುರು. ಹಾಜರಿ ಪುಸ್ತಕದ ಹೆಸರು, ಮನೆಯಲ್ಲಿ ಕೂಗುವ ಹೆಸರು, ಇನಿಷಿಯಲ್ ಯಾವ ಊರಿನದು ಅಥವಾ ಯಾರ ಹೆಸರಿನದು, ಹೆಸರಿಟ್ಟವರು ಯಾರು. ಗೆಳೆಯರು ಇಟ್ಟ ಅಡ್ಡಹೆಸರನ್ನು ಅವರು ಕೇಳುತ್ತಲೇ ಇರಲಿಲ್ಲ. ಅಡ್ಡಹೆಸರಿನಲ್ಲಿ ಬಣ್ಣ, ಜಾತಿ, ಕುಂಟು ಕುರುಡು ಎಲ್ಲ ಸೇರಿರುತ್ತದೆ, ಒಮ್ಮೆ ತರಗತಿಯಲ್ಲಿ ಓದಿದರೆ ಅದು ಇಡೀ ವರ್ಷ ಅಂಟಿಕೊಳ್ಳುತ್ತದೆ.

ಎರಡನೆಯದು ನಕ್ಷೆ. ಮನೆಯೋ ಬೀದಿಯೋ, ಮಗುವಿನ ಇಷ್ಟ. ಅದನ್ನು ಒಂದು ಪುಟದಲ್ಲಿ ಬರೆದು, ಏನಾದರೂ ನಡೆದ 5 ಜಾಗಗಳಲ್ಲಿ ಅಡ್ಡಗುರುತು ಹಾಕಿ, ಒಂದೇ ಗುರುತಿನ ಬಗ್ಗೆ ಬರೆಯಬೇಕು. ‘ಬರೆಯೋಕೆ ಏನೂ ಇಲ್ಲ ಸಾರ್’ ಎನ್ನುವ ಮಗುವಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಥೆ ನೆನಪಾಗದಿದ್ದರೂ ನಲ್ಲಿಕಟ್ಟೆ, ಹಿತ್ತಲ ಬಾಗಿಲು, ಮೀಟರ್ ಬಾಕ್ಸಿನ ಕೆಳಗಿನ ಮೂಲೆ ನೆನಪಿದ್ದೇ ಇರುತ್ತವೆ.

‘ನನ್ನ ತಂದೆ’ ಎಂಬ ವಿಷಯವನ್ನು ಅವರು ಎಂದೂ ಕೊಡಲಿಲ್ಲ. ತಂದೆಯಿಲ್ಲದ ಮಗು, ತಂದೆ ಕುಡಿದು ಬರುವ ಮನೆಯ ಮಗು ಅಲ್ಲಿ ಸುಳ್ಳು ಬರೆಯಲೇಬೇಕಾಗುತ್ತದೆ. ಅದರ ಬದಲು ‘ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು’ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಹಾಗೆ ಏಳುವವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ, ಕೆಲವೊಮ್ಮೆ ಅದು ಆ ಮಗುವೇ. ‘ನನ್ನ ಕೈಗೆ ಗೊತ್ತಿರುವ ಕೆಲಸ’ ಕೂಡ ಅವರದೇ ವಿಷಯ: ಹಾಲು ಕರೆಯುವುದು, ಮಲ್ಲಿಗೆ ಕಟ್ಟುವುದು, ಸೈಕಲ್ಲಿಗೆ ಪಂಕ್ಚರ್ ಹಾಕುವುದನ್ನು ಹಂತಹಂತವಾಗಿ ಬರೆಯಬೇಕು. ಭಾವನೆ ಹೇಳಿಕೊಳ್ಳಲು ನಾಚುವ ಹುಡುಗರು ಇಲ್ಲಿ ಪುಟಗಟ್ಟಲೆ ಬರೆಯುತ್ತಾರೆ. ಒಳ್ಳೆಯ, ಕೆಟ್ಟ, ಬಡ, ಬುದ್ಧಿವಂತ ಎಂಬ ಪದಗಳನ್ನು ತಮ್ಮ ಬಗ್ಗೆ ಯಾರೂ ಬಳಸುವಂತಿರಲಿಲ್ಲ. ಮನೆಮಾತಿನ ಪದ ಬಂದರೆ ಹಾಗೇ ಬಿಡಬೇಕು, ಕೆಂಪು ಗೆರೆ ಇಲ್ಲ.

ಅಂಕವೂ ಇರಲಿಲ್ಲ. ದಿನಕ್ಕೆ 9 ಪುಸ್ತಕದಂತೆ ವಾರಕ್ಕೆ 45 ಓದಿ, ಪ್ರತಿಯೊಂದರ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಒಂದೇ ಪ್ರಶ್ನೆ ಬರೆಯುತ್ತಿದ್ದರು. ‘ಅಜ್ಜಿ ಆಗ ಏನು ಹಿಡಿದುಕೊಂಡಿದ್ದರು?’ ‘ಬಾಗಿಲು ತೆಗೆದವರು ಯಾರು?’ ಎಂಬಂಥವು. ಹೊಗಳಿಕೆ ಬರೆದರೆ ಮಗು ಮುಂದಿನ ವಾರ ಅದನ್ನೇ ತಿರುಗಿ ಬರೆಯುತ್ತದೆ. ಪ್ರಶ್ನೆ ಬಿದ್ದರೆ ಇನ್ನೊಂದು ಪುಟ ಬರುತ್ತದೆ. ಕಾಗುಣಿತ, ಒತ್ತಕ್ಷರ, ಅಕಾರ ಹಕಾರದ ಗೊಂದಲ ಎಲ್ಲಕ್ಕೂ ತಿಂಗಳಿಗೊಮ್ಮೆ ಜಾಗವಿತ್ತು. ಆಗ ಮಗು ತಾನೇ ಆರಿಸಿದ ಒಂದು ಬರಹವನ್ನು ತಿದ್ದಿ ನಕಲು ಮಾಡುತ್ತಿತ್ತು.

ಯಾರಿಗೂ ತೋರಿಸಬಾರದೆನಿಸಿದ ಹಾಳೆಯನ್ನು ಉದ್ದಕ್ಕೆ ಮಡಿಸಿಟ್ಟರೆ ಮೇಷ್ಟ್ರೂ ಓದುತ್ತಿರಲಿಲ್ಲ. ಒಂದು ಸಲ ಹಿಂದಿನ ಬೆಂಚಿನ ಪಟಾಲಂ ಊಟದ ಬಿಡುವಿನಲ್ಲಿ ನೋಟ್‌ಬುಕ್ಕುಗಳನ್ನಿಟ್ಟಿದ್ದ ಟ್ರಂಕು ತೆಗೆದು, ಒಬ್ಬಳು ಮಡಿಸಿಟ್ಟಿದ್ದ ಪುಟವನ್ನು ಜೋರಾಗಿ ಓದಿಬಿಟ್ಟಿತು. ಅವರ ಮನೆಯ ಭಾನುವಾರದ ಅಡುಗೆಯ ವರ್ಣನೆ ಅದು. ನಮ್ಮ ನಾಡಿನಲ್ಲಿ ಅಡುಗೆ ಹೇಳಿದರೆ ಜಾತಿ ಹೇಳಿದಂತೆ, ಇಡೀ ತರಗತಿ ನಕ್ಕಿತು. ಮೇಷ್ಟ್ರು ಬೆತ್ತ ಹಿಡಿಯಲಿಲ್ಲ. ಓದಿದವರಿಂದ ಎಲ್ಲರೆದುರಿಗೆ ಆ ಹುಡುಗಿಯ ಕ್ಷಮೆ ಕೇಳಿಸಿದರು, ಅವತ್ತೇ ಟ್ರಂಕಿಗೆ ಬೀಗ ಬಂತು. ಮುಂದಿನ ಎರಡು ವಾರ ಗಟ್ಟಿಯಾಗಿ ಓದುವುದನ್ನೇ ನಿಲ್ಲಿಸಿದರು. ನಂಬಿಕೆ ಮುರಿದ ಮೇಲೂ ಓದಿಸುತ್ತಾ ಹೋದರೆ ಮಕ್ಕಳು ಮತ್ತೆ ಗೈಡಿನ ಸಾಲುಗಳಿಗೇ ಮರಳುತ್ತಾರೆಂದು ಅವರಿಗೆ ಗೊತ್ತಿತ್ತು.

ಇಂದು ಈ ಕೆಲಸ ಮಾಡುವವರು ಒಂದು ಮಾತನ್ನು ಮೊದಲ ದಿನವೇ ಹೇಳಬೇಕು: ನಿಮ್ಮ ಬರಹ ನನ್ನಲ್ಲೇ ಇರುತ್ತದೆ, ಆದರೆ ಯಾರಾದರೂ ನಿಮಗೆ ನೋವು ಮಾಡುತ್ತಿದ್ದಾರೆಂದು ಗೊತ್ತಾದರೆ ನೆರವು ಕೊಡುವವರಿಗೆ ತಿಳಿಸುತ್ತೇನೆ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ತಿಳಿದೂ ತಿಳಿಸದಿರುವುದು ಅಪರಾಧ. ಮಕ್ಕಳ ಸಹಾಯವಾಣಿ 1098 ತರಗತಿಯ ಗೋಡೆಯ ಮೇಲಿರಲಿ.

ಆಗ ನಮ್ಮ ಮೇಷ್ಟ್ರ ಕೈಯಲ್ಲಿ ಸಮಯವಿತ್ತು. ಈಗಿನ ಶಿಕ್ಷಕರು ಕಲಿಕೆಯ ನಡುವಿನ ನಾಲ್ಕು ರೂಪಣಾತ್ಮಕ, ಅವಧಿ ಕೊನೆಯ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ದಾಖಲೆ ತುಂಬಿಸುವಷ್ಟರಲ್ಲೇ ವರ್ಷ ಮುಗಿಯುತ್ತದೆ. ಮಕ್ಕಳ ಬರಹವೂ ಕಡತಕ್ಕೆ ಲಗತ್ತಿಸುವ ಚಟುವಟಿಕೆಯಾಗಿದೆ, ಅದು ನನಗೆ ಬಹಳ ಬೇಸರದ ಸಂಗತಿ. ನಮ್ಮ ಬ್ಯಾಚಿನ ಯಾರೂ ಇಂದಿಗೂ ಒಂದು ಅರ್ಜಿಗಾಗಲಿ ಒಂದು ಪತ್ರಕ್ಕಾಗಲಿ ಇನ್ನೊಬ್ಬರ ಕೈ ಕಾಯುವುದಿಲ್ಲ ಎಂಬ ಹೆಮ್ಮೆ ನನಗಿದೆ. ಅದು ವಾರಕ್ಕೊಂದು ಪೀರಿಯಡ್ಡಿನ ಫಲ.

ಮಾರ್ಚ್ ಕೊನೆಗೆ ಪುಸ್ತಕಗಳು ಮಕ್ಕಳ ಮನೆಗೇ ಹೋಗುತ್ತಿದ್ದವು, ಶಾಲೆಯಲ್ಲಿ ಒಂದೂ ಉಳಿಯುತ್ತಿರಲಿಲ್ಲ. ಹಾಗಾಗಿ ಈ ಪತ್ರಿಕೆಯ ಸಂಚಿಕೆಗೆ ಮಕ್ಕಳ ಬರಹ ಆರಿಸುವವರಲ್ಲಿ ನನ್ನ ಕೋರಿಕೆ: ಯಾವುದನ್ನು ಅಚ್ಚು ಮಾಡಬೇಕೆಂದು ಮಗುವೇ ಹೇಳಲಿ, ಮನೆಯವರ ಹೆಸರು ಬದಲಿಸಲು ಅವಕಾಶವಿರಲಿ, ಬೇಡವೆಂದರೆ ಕಾರಣ ಕೇಳಬೇಡಿ. ಅಚ್ಚಿಗೆ ಹೋಗುವ ಹಿಂದಿನ ದಿನ ಇನ್ನೊಮ್ಮೆ ಕೇಳಿ. ಈ ವಯಸ್ಸಿನಲ್ಲಿ ಒಂದು ವಾರದಲ್ಲೇ ಮನಸ್ಸು ಬದಲಾಗುತ್ತದೆ.