ಮಾಮಾ ಎಕ್ಕಾ ಬಿಡಲ್ಲ

ಬೆಳಗಾವಿ, 29 ಜುಲೈ 2025, ಮಂಗಳವಾರ

ಇವತ್ತು ನಾಗರ ಪಂಚಮಿ. ಮಳೆ ಬಿಡಲೇ ಇಲ್ಲ. ಕಟ್ಟಿದ ಜೋಕಾಲಿ ಅಂಗಳದಲ್ಲಿ ಸುಮ್ನೆ ತೊಯ್ಯುತ್ತಿತ್ತು. ಪಂಚಮಿಗೆ ನಮ್ಮ ಮನೆಯಲ್ಲಿ ಇಸ್ಪೀಟು ಆಡಲೇಬೇಕು, ಆದರೆ ಈ ಸಲ ಕೂರೋಕೆ ಇದ್ದವರು ಮಾಮಾ ಮತ್ತು ನಾನು ಇಬ್ಬರೇ, ಅದಕ್ಕೆ ಫೋನಿನಲ್ಲಿ ವಿಡಿಯೊ ಪೋಕರ್ ತೆಗೆದೆ. ದುಡ್ಡಿನ ಆಟ ಅಲ್ಲ, ಬರೀ ಪಾಯಿಂಟು.

ಐದು ಎಲೆ ಬರುತ್ತವೆ. ಬೇಕಾದದ್ದು ಹೋಲ್ಡ್ ಮಾಡಿ ಉಳಿದದ್ದನ್ನು ಒಂದೇ ಸಲ ಬದಲಿಸಬಹುದು. ಗುಲಾಮನ ಜೋಡಿ ಅಥವಾ ಅದಕ್ಕಿಂತ ದೊಡ್ಡ ಜೋಡಿ ಆದರೆ ಹಾಕಿದ್ದು ವಾಪಸ್, ಎರಡು ಜೋಡಿಗೆ 2 ಪಟ್ಟು, ಒಂದೇ ತರದ ಮೂರಕ್ಕೆ 3, ಸ್ಟ್ರೇಟ್‌ಗೆ (ಸಾಲಾಗಿ ಐದು ಎಲೆ) 4, ಫ್ಲಶ್‌ಗೆ (ಐದೂ ಒಂದೇ ಜಾತಿ) 6, ಫುಲ್ ಹೌಸ್‌ಗೆ (ಒಂದೇ ತರದ ಮೂರು ಜೊತೆಗೆ ಒಂದು ಜೋಡಿ) 9.

ಮೊದಲ ಕೈಗೇ ಜಗಳ. ಎರಡು 7, ಒಂದು 4, ಒಂದು 10, ಒಂದು ಎಕ್ಕಾ. ನಾನು 7ರ ಜೋಡಿ ಮಾತ್ರ ಇಟ್ಟುಕೊಂಡೆ.

"ಎಕ್ಕಾ ಯಾರರ ಬಿಡತಾರೇನಲೇ?" ಅಂದರು ಮಾಮಾ.

ತೀನ್ ಪತ್ತಿ ಆಡಿ ಬೆಳೆದವರು, ಅವರದ್ದೂ ತಪ್ಪಲ್ಲ. ಅಲ್ಲಿ ದೊಡ್ಡ ಎಲೆಗೆ ಎದುರಿನವನು ಸೋಲುತ್ತಾನೆ. ಇಲ್ಲಿ ಎದುರಿಗೆ ಯಾರೂ ಇಲ್ವಲ್ಲ, ಹೆದರೋದು ಯಾರು? ಹೋದ ತಿಂಗಳು ಒಂದು ರಾತ್ರಿ ಕೂತು ಲೆಕ್ಕ ಹಾಕಿದ್ದೆ: ಬರೀ ಜೋಡಿ ಇಟ್ಟರೆ 100 ಪಾಯಿಂಟಿಗೆ ಸರಾಸರಿ 82 ವಾಪಸ್, ಜೊತೆಗೆ ಎಕ್ಕಾ ಇಟ್ಟರೆ 68. ಎರಡೂ ನಷ್ಟವೇ, ಒಂದು ಕಡಿಮೆ ನಷ್ಟ ಅಷ್ಟೇ.

ಆಮೇಲೆ ಮತ್ತೆ 7ರ ಜೋಡಿ, ಆದರೆ ಅದರಲ್ಲಿ ಒಂದು 7 ಸೇರಿ ನಾಲ್ಕು ಆಟೀನು. ಈಗ ನಾನೇ ಜೋಡಿ ಮುರಿದೆ! ಮಾಮಾಗೆ ತಲೆ ಕೆಟ್ಟಿತು. ಉಳಿದ 47 ಎಲೆಗಳಲ್ಲಿ 9 ಆಟೀನು ಇವೆ, ಫ್ಲಶ್‌ಗೆ 6 ಪಟ್ಟು, ಅಂದರೆ 100ಕ್ಕೆ ಸುಮಾರು 115. ಅದೇ ಗುಲಾಮನ ಜೋಡಿ ಆಗಿದ್ದರೆ 154, ಆಗ ಮುಟ್ಟುತ್ತಲೇ ಇರಲಿಲ್ಲ. 4, 5, 7, 8 ಇಟ್ಟುಕೊಂಡು 6ಕ್ಕೆ ಕಾಯೋ ಚಟವೂ ಮಾಮಾಗೆ ಇದೆ. ಅದು 100ಕ್ಕೆ 34. ಐದೂ ಎಲೆ ಬಿಸಾಕಿ ಹೊಸದು ತಗೊಂಡರೂ ಅದಕ್ಕಿಂತ ಒಂದೆರಡು ಜಾಸ್ತಿ ಬರುತ್ತೆ.

ಸಂಜೆ ಚಹಾ ಹೊತ್ತಿಗೆ ನಿಜವಾದ ಪರೀಕ್ಷೆ ಬಂತು. ಎಕ್ಕಾ, ರಾಜ, ರಾಣಿ, ಗುಲಾಮ, 4, ಐದೂ ಆಟೀನು. ಫ್ಲಶ್ ಆಗೇ ಹೋಗಿದೆ, 6 ಪಟ್ಟು ಕೈಯಲ್ಲೇ ಇದೆ. ನಾನು 4 ಬಿಸಾಕಿದೆ. ಆಟದ ಐದು ಕಾಯಿನ್ ಹಾಕಿದ್ದರಿಂದ ರಾಯಲ್ ಫ್ಲಶ್‌ಗೆ, ಅಂದರೆ ಒಂದೇ ಜಾತಿಯ 10ರಿಂದ ಎಕ್ಕಾವರೆಗಿನ ಐದು ಎಲೆಗೆ, 800 ಪಟ್ಟು (ಕಡಿಮೆ ಹಾಕಿದರೆ 250 ಮಾತ್ರ), ಅದಕ್ಕೆ ಬೇಕಾದ ಆಟೀನು 10 ಆ 47ರಲ್ಲಿ ಒಂದೇ ಒಂದು, ಆದರೂ ಸರಾಸರಿ 18 ಪಟ್ಟು ಆಗುತ್ತೆ. ಬೆರಳು ಮಾತ್ರ ನಡುಗಿತು, ಸುಳ್ಳು ಯಾಕೆ ಹೇಳಲಿ.

ಬಂದದ್ದು ಕಳಾವರ್ 9. ಸೊನ್ನೆ.

"ಕೈಗೆ ಬಂದ ತುತ್ತ ಚೆಲ್ಲಿದಿ ನೋಡು" ಅಂತ ಮಾಮಾ ಫೋನ್ ಕಿತ್ತುಕೊಂಡರು. ಅವರಿಗೆ ಬಂದದ್ದು 3ರ ಜೋಡಿ, ಎಕ್ಕಾ, ಮತ್ತೆರಡು ಪುಡಿ ಎಲೆ. ನನ್ನ ಮುಖ ನೋಡುತ್ತಲೇ ಎಕ್ಕಾನೂ ಹೋಲ್ಡ್ ಮಾಡಿದರು. ಬಂದವು ಎರಡು ಎಕ್ಕಾ. ಫುಲ್ ಹೌಸ್.

"ಈಗ ಹಾಕು ಲೆಕ್ಕ!"

ಹಾಕಿದೆ. 47ರಲ್ಲಿ ಎರಡು ಎಲೆ ಬರೋ 1081 ರೀತಿಗಳಲ್ಲಿ 3 ಸಲ ಮಾತ್ರ ಹೀಗೆ ಎರಡು ಎಕ್ಕಾ ಬರೋದು ಅಂತ ಹೇಳಿ ತಲೆ ಎತ್ತಿದರೆ, ಮಾಮಾ ಶೇಂಗಾ ಉಂಡಿ ಮುರೀತಾ ಮುಂದಿನ ಕೈಯ ಎಕ್ಕಾನೂ ಹೋಲ್ಡ್ ಮಾಡಿ ಆಗಿತ್ತು.